ತಲೆ ಮೇಲೆ ಹೋದ ಚೆಂಡು
ಪುಟಾಣಿಗಳೇ, ಚೆಂಡು ತಲೆಯ ಮೇಲಿಂದ ಹಾರಿ ಗೋಲಾಯಿತೆಂದು ಅಳಬೇಡಿ. ದೊಡ್ಡವರ ಫುಟ್‌ಬಾಲ್ ಗೋಲಿನ ಎತ್ತರ 2.44 ಮೀಟರ್, ಅಗಲ 7.32 ಮೀಟರ್. ಅದು ನಿಮ್ಮ ಅಳತೆಯದಲ್ಲ!

8 ವರ್ಷದವರೆಗೆ ಎಲ್ಲರೂ ಸರದಿಯಂತೆ ಗೋಲ್‌ಕೀಪರ್ ಆಗಿ. ಒಬ್ಬರನ್ನೇ ಅಲ್ಲಿ ನಿಲ್ಲಿಸಿದರೆ ಅವರು ಓಡಿ ಆಡುವುದು ಯಾವಾಗ? ಆಮೇಲೆ ಹಿಡಿತ: ಹೆಬ್ಬೆರಳುಗಳು ಹತ್ತಿರ, ಅಂಗೈ ಚೆಂಡಿನ ಹಿಂದೆ. ಬೀಳುವುದನ್ನು ಹುಲ್ಲಿನ ಮೇಲೆ ಮೊದಲು ಕುಳಿತು, ನಂತರ ಮಂಡಿಯೂರಿ, ಕೊನೆಗೆ ನಿಂತು ಕಲಿಯಿರಿ.

ಅಜ್ಜ-ಅಜ್ಜಿಯರೇ, 12-14ರ ಹೊತ್ತಿಗೆ ಮೊಮ್ಮಕ್ಕಳು ದಿಢೀರನೆ ಉದ್ದವಾಗುತ್ತಾರೆ. ನಿನ್ನೆ ಹಿಡಿದಂಥ ಚೆಂಡೇ ಇಂದು ಜಾರುತ್ತದೆ. ಅದು ಸೋಮಾರಿತನವಲ್ಲ, ಬೆಳೆದ ಕೈಕಾಲು ಇನ್ನೂ ಹೊಂದಿಕೊಳ್ಳುತ್ತಿವೆ. ಮಂಡಿ ನೋವೆಂದರೆ ಜಿಗಿತ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಬೈಯಬೇಡಿ. ಸಂಜೆ ಅಂಗಳದಲ್ಲಿ ನೀವೇ ನಾಲ್ಕು ಚೆಂಡು ಉರುಳಿಸಿ ಕೊಡಿ.