ಹರಾಜಿನ ಕಟ್ಟೆಯಲ್ಲಿ ಅಚೌರ್ಯ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಕೊಡದಿರುವುದನ್ನು ತೆಗೆದುಕೊಳ್ಳದಿರುವುದೇ ಅದರ ತಿರುಳು. ಬೀಗ ಮುರಿಯದವನು, ಪರರ ಜೇಬಿಗೆ ಕೈ ಹಾಕದವನು ತಾನು ಈ ವ್ರತವನ್ನು ಪಾಲಿಸುತ್ತಿದ್ದೇನೆಂದು ನಿಶ್ಚಿಂತನಾಗಿರುತ್ತಾನೆ. ಆದರೆ ಆಚಾರ್ಯ ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಎಣಿಸಿರುವ ಅತಿಚಾರಗಳು ಅವನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕಳವಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು: ಐದೂ ಅಂಗಡಿಬೀದಿಯ ದೋಷಗಳೇ.

ಇವುಗಳಲ್ಲಿ ಮೂರನೆಯದು ಇಂದು ವಿಶೇಷವಾಗಿ ಚಿಂತನಾರ್ಹ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದನ್ನು ವಿವರಿಸುವಾಗ, ಆಳ್ವಿಕೆ ಕೆಟ್ಟ ನಾಡಿನಲ್ಲಿ ಬೆಲೆಬಾಳುವ ವಸ್ತುಗಳನ್ನು ಅಲ್ಪ ಬೆಲೆಗೆ ದೊರಕಿಸಿಕೊಳ್ಳುವ ಹವಣಿಕೆಯನ್ನೂ ಅದರಲ್ಲಿ ಸೇರಿಸಿದ್ದಾರೆ. ಪರರ ಅಸಹಾಯಕತೆಯೇ ಅಲ್ಲಿ ಲಾಭದ ಮೂಲ.

ಮಂಡ್ಯ ಜಿಲ್ಲೆಯ ಬದುಕು ಮಾರುಕಟ್ಟೆಯ ಬೆಲೆಯನ್ನು ನಂಬಿದೆ. ಆಲೆಮನೆಯ ಬೆಲ್ಲ ಮಂಡ್ಯಕ್ಕೆ, ಎಳನೀರು ಮದ್ದೂರಿಗೆ ಬರುತ್ತದೆ. ಮಳವಳ್ಳಿ ಸೀಮೆಯ ರೈತ ಭತ್ತ, ರಾಗಿಗಳ ಬೆಲೆಗಾಗಿ ಕಾಯುತ್ತಾನೆ. ಕೊಯ್ದ ಎಳನೀರು ಮರಕ್ಕೆ ಮರಳದು. ಸಾಲದ ಕಂತು ಕಾಯದು. ಈ ದುರ್ಬಲತೆಯನ್ನು ಅರಿತೇ 1966ರಲ್ಲಿ ರಾಜ್ಯವು ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯನ್ನು ರೂಪಿಸಿತು. ಬಹಿರಂಗ ಹರಾಜು, ಸರಿಯಾದ ತೂಕ, ಸಕಾಲದ ಪಾವತಿ ಅದರ ಆಶಯ. ಖರೀದಿದಾರರು ಒಂದಾಗಿ ಬೆಲೆ ಗೊತ್ತುಮಾಡಿಕೊಳ್ಳುವುದನ್ನೂ ಹರಾಜಿನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದನ್ನೂ 2002ರ ಕೇಂದ್ರದ ಸ್ಪರ್ಧಾ ಕಾಯ್ದೆ ನಿಷೇಧಿಸುತ್ತದೆ.

ಕಾನೂನು ತಕ್ಕಡಿಯನ್ನು ಪರೀಕ್ಷಿಸಬಲ್ಲದು. ಕಣ್ಸನ್ನೆಯನ್ನು ಹಿಡಿಯುವುದು ಕಷ್ಟ. ಹತ್ತು ಜನ ವರ್ತಕರು ನಿಂತ ಕಟ್ಟೆಯಲ್ಲಿ ಒಬ್ಬನು ಬೆಲೆ ಕೂಗಿ, ಉಳಿದವರು ಮೊದಲೇ ಆದ ಮಾತಿನಂತೆ ಸುಮ್ಮನಾದರೆ, ಅಲ್ಲಿ ಹರಾಜು ನಡೆದಂತೆ ಕಾಣುತ್ತದೆ, ನಡೆದಿರುವುದಿಲ್ಲ. ‘ರೈತ ಒಪ್ಪಿಯೇ ಕೊಟ್ಟನಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು. ಬೇರೆ ದಾರಿಗಳನ್ನೆಲ್ಲ ಮುಚ್ಚಿ ಪಡೆದ ಒಪ್ಪಿಗೆ ದಾನವೂ ಅಲ್ಲ, ಮಾರಾಟವೂ ಅಲ್ಲ. ಅದು ಕೊಡದಿರುವುದನ್ನು ತೆಗೆದುಕೊಂಡಂತೆಯೇ.

‘ಬೆಲೆ ಗೊತ್ತುಮಾಡಿದವನು ನಾನಲ್ಲ, ನಾನು ಸುಮ್ಮನಿದ್ದೆ’ ಎನ್ನುವವನಿಗೂ ಜೈನಧರ್ಮದಲ್ಲಿ ಬಿಡುಗಡೆಯಿಲ್ಲ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು, ಈ ಮೂರೂ ಕರ್ಮಬಂಧಕ್ಕೆ ಕಾರಣ. ಲಾಭದಲ್ಲಿ ಪಾಲು ಪಡೆದ ಮೌನವು ಅನುಮೋದನೆಯೇ ಆಗಿದೆ.

ಧರ್ಮವು ವ್ಯಾಪಾರವನ್ನಾಗಲಿ ನ್ಯಾಯವಾದ ಲಾಭವನ್ನಾಗಲಿ ನಿಷೇಧಿಸಿಲ್ಲ. ಉತ್ತಮ ಮಾಲನ್ನು ಗುರುತಿಸಿ, ಪರರಿಗಿಂತ ಒಂದು ರೂಪಾಯಿ ಹೆಚ್ಚು ಕೂಗಿ ಕೊಂಡವನು ಗೌರವಾರ್ಹನು. ವರ್ತಕರು ಬಹುಸಂಖ್ಯೆಯಲ್ಲಿರುವ ಸಮಾಜಕ್ಕೆ ಈ ವಿವೇಕ ಇನ್ನೂ ಹೆಚ್ಚು ಅಗತ್ಯ. ದಂಡದ ಭಯದಿಂದ ಕಾಯ್ದೆಯನ್ನು ಪಾಲಿಸುವುದು ಪ್ರಜೆಯ ಕರ್ತವ್ಯವಾದರೆ, ಯಾರೂ ನೋಡದಿರುವಾಗಲೂ ಪಾಲಿಸುವುದು ಶ್ರಾವಕನ ವ್ರತ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಬಾಹುಬಲಿಯ ಪ್ರಾಚೀನ ಮೂರ್ತಿಯಿದೆ. ಗೆದ್ದ ರಾಜ್ಯವನ್ನೇ ಬಿಟ್ಟು ನಡೆದ ಆ ಮಹನೀಯನಿಗೆ ಕೈಮುಗಿಯುವವನು, ಸಂಜೆಯ ಪ್ರತಿಕ್ರಮಣದ ವೇಳೆ ಆ ದಿನದ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬೇಕು. ಅದರಲ್ಲಿ ಕೊಡದೆ ಬಂದ ಒಂದು ರೂಪಾಯಿಯೂ ಇರಬಾರದು.