ಅಕ್ಕಿ ಕೊಟ್ಟಿರಿ, ಸೊಪ್ಪು ಯಾವಾಗ ಕೊಡ್ತೀರಿ?

ಸಂತೆಗೆ ಯಾರು ಯಾವ ಹೊತ್ತಿಗೆ ಬರುತ್ತಾರೆ ಅಂತ ಒಂದು ದಿನ ನಿಂತು ನೋಡಿ. ಯಾರ ಕೈಯಲ್ಲಿ ಎಷ್ಟು ಕಾಸಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಸಂಬಳದವರು ಬೆಳಿಗ್ಗೆ ಬಂದು ಎಳೆ ಬೆಂಡೆಕಾಯಿ ಆರಿಸಿ ತೂಗಿಸಿಕೊಂಡು ಹೋಗುತ್ತಾರೆ. ಕೂಲಿಯವರು ಬರೋದು ಹೊತ್ತು ಮುಳುಗುವಾಗ, ವ್ಯಾಪಾರಿ ಉಳಿದಿದ್ದನ್ನು ಗುಡ್ಡೆ ಹಾಕಿ ಹತ್ತು ರೂಪಾಯಿ, ಹತ್ತು ರೂಪಾಯಿ ಅಂತ ಕೂಗುವಾಗ. ಬಾಡಿದ ಸೊಪ್ಪು, ಒಡೆದ ಟೊಮೆಟೊ, ಹುಳುಕು ಬದನೆಕಾಯಿ. ದೊಡ್ಡಉಳ್ಳಾರ್ತಿ ಸುತ್ತಿನ ಹಳ್ಳಿಗಳಿಂದ ಚಳ್ಳಕೆರೆ ಸಂತೆಗೆ ಹೋಗುವ ಎಷ್ಟೋ ಕೂಲಿ ಮನೆಗಳ ವಾರದ ತರಕಾರಿ ಇದೇ.

ಆ ಟೊಮೆಟೊ, ಆ ಈರುಳ್ಳಿ ನಮ್ಮ ತಾಲ್ಲೂಕಿನ ಹೊಲದಲ್ಲೇ ಬೆಳೆಯುತ್ತವೆ. ನಾಟಿ ಹಾಕಿದ್ದು, ಕಳೆ ತೆಗೆದದ್ದು, ಕಿತ್ತು ಮೂಟೆ ತುಂಬಿದ್ದು ಇದೇ ಕೂಲಿ ಹೆಂಗಸರು. ರೇಟು ಬಿದ್ದ ವಾರ ರೈತ ಅದನ್ನೇ ರಸ್ತೆ ಬದಿಗೆ ಸುರಿಯುತ್ತಾನೆ. ಸುರಿಯುವವನ ಊರಲ್ಲೇ ಕೊಳ್ಳಲಾಗದವರೂ ಇದ್ದಾರೆ. ಇದನ್ನು ದೇವರ ಆಟ ಅನ್ನಬೇಡಿ. ನಮ್ಮ ವ್ಯವಸ್ಥೆಯ ಆಟ.

ನನ್ನ ಮಾತು ಇಷ್ಟೇ: ರೇಷನ್ ಕಾರ್ಡಿನ ಮನೆಗೆ ಸರ್ಕಾರ ಅಕ್ಕಿಯ ಜೊತೆ ಸಂತೆ ಚೀಟಿಯನ್ನೂ ಕೊಡಬೇಕು. ಆ ಚೀಟಿ ಸುತ್ತಲಿನ ರೈತರ ಹತ್ತಿರ, ತರಕಾರಿ, ಸೊಪ್ಪು, ಹಣ್ಣಿಗೆ ಮಾತ್ರ ನಡೆಯಬೇಕು.

2013 ರಲ್ಲಿ ಅನ್ನಭಾಗ್ಯ ಬಂತು. ಹೊಟ್ಟೆ ತುಂಬಿತು, ಇಲ್ಲ ಅನ್ನಲಾರೆ. ಆದರೆ 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದ 15 ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಬರೀ ಅನ್ನದಿಂದ ರಕ್ತ ತುಂಬಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು ಅನ್ನುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ 48 ಕಿಲೋ. ಕಿಲೋಗೆ ಬರೀ 30 ರೂಪಾಯಿ ಹಿಡಿದರೂ 1,440 ರೂಪಾಯಿ. ಗೃಹಲಕ್ಷ್ಮಿಯ 2,000 ಬರುತ್ತಲ್ಲ ಅನ್ನುವವರೇ, ಉಳಿದ 560 ರೂಪಾಯಿಯಲ್ಲಿ ಸಂಘದ ಕಂತು, ಆಸ್ಪತ್ರೆ, ಮಕ್ಕಳ ನೋಟ್‌ಬುಕ್ ಎಲ್ಲ ನೀವೇ ತೂಗಿಸಿ ತೋರಿಸಿ.

ದುಡ್ಡೆಲ್ಲಿದೆ ಅಂತೀರಾ? 2023 ರ ಜುಲೈನಿಂದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಇದೇ ಸರ್ಕಾರ ತಲೆಗೆ 170 ರೂಪಾಯಿ ಹಾಕುತ್ತಿತ್ತು. ನಾಲ್ಕು ಜನರ ಮನೆಗೆ 680. ವಾರಕ್ಕೆ ನೂರು ರೂಪಾಯಿಯ ಚೀಟಿ ಕೊಟ್ಟರೂ ತಿಂಗಳಿಗೆ 500 ದಾಟಲ್ಲ. 2025 ರ ಅಕ್ಟೋಬರಿನಲ್ಲಿ ಆ ಐದು ಕಿಲೋ ಬದಲಿಗೆ ಇಂದಿರಾ ಆಹಾರ ಕಿಟ್ ಅಂತ ಸಂಪುಟ ತೀರ್ಮಾನ ಮಾಡಿತು. ಬೇಳೆ, ಎಣ್ಣೆ, ಸಕ್ಕರೆ, ಉಪ್ಪು. ಬೇಳೆ ಒಳ್ಳೆಯದೇ. ಆದರೆ ಕಿಟ್ಟಿನ ದುಡ್ಡು ಟೆಂಡರ್ ಹಿಡಿದವರಿಗೆ ಹೋಗುತ್ತದೆ. ಚೀಟಿಯ ದುಡ್ಡು ಪಕ್ಕದ ಹೊಲದವನಿಗೆ ಸೇರುತ್ತದೆ.

ಬಡವರಿಗೆ ಕೊಟ್ಟರೆ ಕುಡಿಯುತ್ತಾರೆ ಅನ್ನುವವರು ಇದ್ದೇ ಇರುತ್ತಾರೆ. ಮೆಂತ್ಯ ಸೊಪ್ಪಿನ ಚೀಟಿಯನ್ನು ಯಾವ ಬಾರ್‌ನಲ್ಲಿ ತಗೋತಾರೆ? ಹಿತ್ತಲಲ್ಲಿ ಬೆಳೆದುಕೊಳ್ಳಲಿ ಅನ್ನುವವರು, ಬೇಸಿಗೆಯಲ್ಲಿ ನಲ್ಲಿ ಮುಂದೆ ಕೊಡ ಸಾಲು ಹಚ್ಚಿ ನಿಲ್ಲುವ ಹಟ್ಟಿಗೆ ಒಮ್ಮೆ ಬನ್ನಿ. ದಲ್ಲಾಳಿಗಳೇ ರೈತರ ವೇಷ ಹಾಕಿ ಚೀಟಿ ಗುಡಿಸಿಕೊಳ್ಳುತ್ತಾರೆ ಅನ್ನೋ ಭಯ ಮಾತ್ರ ಸರಿಯಾದದ್ದು. ಅದಕ್ಕೆ ಬೆಳೆಗಾರರ ಪಟ್ಟಿಯನ್ನು ಗ್ರಾಮಸಭೆಯಲ್ಲೇ ಓದಬೇಕು. ಯಾರ ಹೊಲದಲ್ಲಿ ಏನಿದೆ ಅಂತ ಊರಿಗೆ ಗೊತ್ತು. ಗುತ್ತಿಗೆಗೆ ಹೊಲ ಮಾಡುವವರನ್ನೂ ಆ ಪಟ್ಟಿಯಲ್ಲಿ ಬಿಡಬಾರದು.

ಇದು ಆಗದ ಕೆಲಸವೇನಲ್ಲ. ಮೊಳಕಾಲ್ಮೂರಿನ ಗಡಿ ದಾಟಿದರೆ ಆಂಧ್ರ. ಅಲ್ಲಿ 1999 ರ ಜನವರಿಯಲ್ಲೇ ರೈತು ಬಜಾರ್ ಶುರುವಾಯಿತು. ರೈತನಿಗೆ ಗುರುತಿನ ಕಾರ್ಡು, ದಿನದ ರೇಟು ಬೋರ್ಡಿನ ಮೇಲೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2009 ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಸರ್ಕಾರದ ಆಹಾರ ನೆರವಿನ ಒಂದು ಡಾಲರನ್ನು ಬಡವರು ರೈತರ ಸಂತೆಯಲ್ಲಿ ಖರ್ಚು ಮಾಡಿದರೆ, ಹಣ್ಣು ತರಕಾರಿಗೆ ಅಂತ ಇನ್ನೊಂದು ಡಾಲರ್ ಸೇರಿಸಿ ಕೊಟ್ಟರು. ಮೊದಲನೆಯದು ರೈತನಿಗೆ ಜಾಗ ಕೊಟ್ಟಿತು, ಎರಡನೆಯದು ಬಡವರ ಕೈಗೆ ಕಾಸು ಕೊಟ್ಟಿತು. ನಮಗೆ ಎರಡೂ ಬೇಕು.

ಚೀಟಿ ಬೆಂಗಳೂರಿನಿಂದ ಬರಬೇಕು, ಸರಿ. ಆದರೆ ಹಳ್ಳಿ ಸಂತೆಯ ಸುಂಕ ನಮ್ಮ ಪಂಚಾಯ್ತಿಗಳ ಕೈಯಲ್ಲೇ ಇದೆ. ಹರಾಜು ಹಿಡಿದವನು ಲಾರಿ ತಂದವನಿಗೂ, ನಾಲ್ಕು ಕಟ್ಟು ಸೊಪ್ಪು ಹೊತ್ತು ತಂದ ಅಜ್ಜಿಗೂ ರಸೀದಿ ಹರಿದರೆ ಅದು ನ್ಯಾಯವಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ಮೂರು ಮಾತು ಕೇಳಿ. ಸ್ವಂತ ಬೆಳೆ ಮಾರುವವರಿಗೆ ಸುಂಕ ಬೇಡ. ಅವರಿಗೆ ನೆರಳಿರುವ ಜಾಗ ಕೊಡಿ. ಸಂತೆ ಚೀಟಿ ಬೇಕು ಅಂತ ಸರ್ಕಾರಕ್ಕೆ ಠರಾವು ಕಳಿಸಿ. ಆಯ್ತು ನೋಡೋಣ ಅಂದರೆ ಒಪ್ಪಿಕೊಂಡು ಮನೆಗೆ ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ.