ಮಣಿ ಕದ್ದವರು ಯಾರು?

ಮೇ ರಜೆಗೆ ಕುಡಚಿಗೆ ಬಂದ ಮೊಮ್ಮಗ ಈ ಸಲ ಚೀಲದಿಂದ ಇಪ್ಪತ್ತು ಮುಖದ ದಾಳ ತೆಗೆದ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ್ದಂತೆ. ಒಬ್ಬರು ಕಥೆ ಕಟ್ಟಬೇಕು, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡ್ತೀನಿ’ ಅನ್ನಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ, ದಾಳ ಹೇಳುತ್ತದೆ. ಓಣಿಯ ಮೂವರು ಮಕ್ಕಳು ಬಂದು ಕೂತರು. ಕಥೆ ಕಟ್ಟುವ ಕೆಲಸ ನನಗೆ ಬಂತು.

“ಅಜ್ಜಾ, ಮಾಡದ ತಪ್ಪಿಗೆ ಸಿಕ್ಕೊಂಡ ವೀರರ ಕಥಿ ಇರಲಿ,” ಅಂದಳು ಪಕ್ಕದ ಮನೆ ಹುಡುಗಿ.

ಅಂಥ ಕಥೆಗೆ ದೂರ ಹೋಗಬೇಕಿಲ್ಲ ಮಕ್ಕಳೇ. ಚೌತಿಯ ಚಂದ್ರನನ್ನು ನೋಡಿದವರಿಗೆ ಹೇಳುವ ಶಮಂತಕ ಮಣಿಯ ಕಥೆ ಇದೆಯಲ್ಲ! ಸತ್ರಾಜಿತನ ಮಣಿ ದಿನಕ್ಕೆ ಎಂಟು ಭಾರ ಚಿನ್ನ ಕೊಡುತ್ತಿತ್ತು. ಅದನ್ನು ರಾಜನಿಗೆ ಕೊಡು ಎಂದು ಕೃಷ್ಣ ಒಮ್ಮೆ ಕೇಳಿದ್ದ, ಸತ್ರಾಜಿತ ಒಪ್ಪಿರಲಿಲ್ಲ. ಮುಂದೆ ತಮ್ಮ ಪ್ರಸೇನ ಮಣಿ ಧರಿಸಿ ಬೇಟೆಗೆ ಹೋದವನು ತಿರುಗಿ ಬರಲಿಲ್ಲ. ಊರೆಲ್ಲ ಕೃಷ್ಣನ ಕಡೆ ಬೆರಳು ತೋರಿಸಿತು. ನೋಡಿ, ಗುಮಾನಿಗೆ ಒಂದು ಕಾರಣ ಇದೆ. ಕಾರಣವಿಲ್ಲದೆ ವೀರರನ್ನು ಜೈಲಿಗೆ ಹಾಕಿದರೆ ಆಟ ಹತ್ತು ನಿಮಿಷಕ್ಕೆ ಸಪ್ಪೆ.

ನನ್ನ ಆಟದಲ್ಲಿ ಹೊಳೆದಂಡೆಯ ಒಂದು ಊರು, ಗೌಡರ ಮಣಿ ಕಾಣೆ. ಹಿಂದಿನ ದಿನವಷ್ಟೇ ನಮ್ಮ ನಾಲ್ವರು ವೀರರು ಅದನ್ನು ಸಾಲ ಕೇಳಿದ್ದರು. ಮೊಮ್ಮಗ ತಕ್ಷಣ ಕತ್ತಿ ಹಿರಿದ. “ಯಾರನ್ನ ಹೊಡಿತೀಯೋ? ಮೊದಲು ಹೆಜ್ಜೆ ಹುಡುಕು,” ಅಂದೆ. ಭಾಗವತದಲ್ಲೂ ಹಾಗೇ: ಸತ್ತ ಕುದುರೆ, ಆಮೇಲೆ ಸತ್ತ ಸಿಂಹ, ಆಮೇಲೆ ಜಾಂಬವಂತನ ಗವಿ. ಕೃಷ್ಣ ಒಬ್ಬನೇ ಹೋಗಲಿಲ್ಲ, ಊರವರನ್ನೂ ಕರೆದೊಯ್ದ. ಸಾಕ್ಷಿ ಬೇಕಲ್ಲ! ಅವರು ಗವಿಯ ಹೊರಗೆ 12 ದಿನ ಕಾದು ತಿರುಗಿ ಹೋದರು. ಒಳಗೆ ಕಾಳಗ 28 ದಿನ ನಡೆಯಿತು. ಜಾಂಬವಂತ ಕಳ್ಳನೂ ಅಲ್ಲ, ಸಿಂಹವನ್ನು ಕೊಂದು ಮಣಿಯನ್ನು ಮಗುವಿಗೆ ಆಡಲು ಕೊಟ್ಟಿದ್ದ.

ನಮ್ಮ ಮಕ್ಕಳಿಗೂ ಗವಿಯಲ್ಲಿ ಕರಡಿ ಸಿಕ್ಕಿತು, ದಾಳ ಮಾತ್ರ ಮೂರೇ ಬಿತ್ತು. ಹುಡುಗಿ ಮಾತಾಡಿ ಮಣಿ ಬಿಡಿಸಿಕೊಂಡಳು. “ಇನ್ನ ಗೌಡರ ಮನಿಗೆ ಹೋಗಿ ಕೊಟ್ಟು ಬರೋಣು,” ಅಂದ ಮೊಮ್ಮಗ. ನಾನು ಬಿಡಲಿಲ್ಲ.

ಯಾಕೆಂದರೆ ನಾನು ಕ್ಯಾಶ್ ಕೌಂಟರಿನಲ್ಲಿದ್ದ ಕಾಲಕ್ಕೆ ಒಂದು ಸಂಜೆ ಐದುನೂರು ರೂಪಾಯಿ ತಾಳೆಯಾಗಲಿಲ್ಲ. ಎಲ್ಲ ಸಿಬ್ಬಂದಿಯ ಎದುರು, ಚಹಾ ತಂದ ಹುಡುಗನ ಎದುರು, ನನ್ನ ಜೇಬು ತೋರಿಸಲು ಹೇಳಿದರು. ನಾಲ್ಕನೇ ದಿನ, ಒಂದೇ ಜಮಾ ಚೀಟಿಯನ್ನು ಎರಡು ಸಲ ಬರೆದದ್ದು ಸಿಕ್ಕಿತು. ಅದನ್ನು ಮಾತ್ರ ಒಳಗೆ ಕರೆದು, ಬಾಗಿಲು ಹಾಕಿ ಹೇಳಿದರು. ಚಹಾದ ಹುಡುಗನಿಗೆ ಇವತ್ತಿಗೂ ಗೊತ್ತಿಲ್ಲ.

ಕೃಷ್ಣ ಸತ್ರಾಜಿತನನ್ನು ಸಭೆಗೆ ಕರೆಸಿದ, ರಾಜನ ಎದುರು ನಡೆದದ್ದನ್ನೆಲ್ಲ ಹೇಳಿ ಮಣಿ ಕೊಟ್ಟ. ಸತ್ರಾಜಿತ ತಲೆ ತಗ್ಗಿಸಿ, ಮಗಳನ್ನೇ ಮದುವೆ ಮಾಡಿಕೊಟ್ಟ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಮುನಿಸಿಕೊಳ್ಳುವ ಸತ್ಯಭಾಮೆ ಇವಳೇ. ಹಾಗಾಗಿ ನಮ್ಮ ಆಟದಲ್ಲೂ ಡಂಗುರ ಹೊಡೆಸಿ, ಇಡೀ ಊರನ್ನು ಕಟ್ಟೆಗೆ ಕರೆಸಿದೆವು.

ದಸರೆ ರಜೆಗೆ ಕಂಪಿಲಿಯ ಕುಮಾರರಾಮನ ಕಥೆ ಇಟ್ಟುಕೊಂಡಿದ್ದೇನೆ. ಮಲತಾಯಿಯ ಸುಳ್ಳು ದೂರಿಗೆ ಮರಣದಂಡನೆಯಾದಾಗ, ಮಂತ್ರಿ ಅವನನ್ನು ನೆಲಮನೆಯಲ್ಲಿ ಅಡಗಿಸಿಟ್ಟನಂತೆ.

ಅದಕ್ಕೂ ಮೊದಲು ಈ ಗೌಡರದು ಮುಗಿಯಬೇಕು. ತಪ್ಪಾಯಿತು ಎಂದರೆ ಸಾಕೋ, ದಂಡ ಕಟ್ಟಬೇಕೋ? ದೀಪ ಹಚ್ಚುವ ಹೊತ್ತಾದರೂ ನಾಲ್ವರಲ್ಲಿ ಇಬ್ಬರು ಹೀಗೆ, ಇಬ್ಬರು ಹಾಗೆ. ದಾಳ ನನ್ನ ಕನ್ನಡಕದ ಡಬ್ಬಿಯಲ್ಲಿದೆ.